ಹೊಸ ಕಾಲೋ, ಪಳಗಿದ ಕಣ್ಣೋ?

2015ರ ಫೆಬ್ರುವರಿ 1. ಅಮೆರಿಕದ ವೃತ್ತಿಪರ ಫುಟ್‌ಬಾಲಿನ ಅಂತಿಮ ಪಂದ್ಯ ‘ಸೂಪರ್ ಬೌಲ್’ ಮುಗಿಯಲು ಅರ್ಧ ನಿಮಿಷವೂ ಉಳಿದಿರಲಿಲ್ಲ. ಸಿಯಾಟಲ್ ತಂಡಕ್ಕೆ ಗೆಲುವಿನ ಗೆರೆ ಒಂದೇ ಗಜ ದೂರ. ಚೆಂಡನ್ನು ಎಸೆದದ್ದೂ ಆಯಿತು. ಆದರೆ ಮಿಂಚಿನಂತೆ ನುಗ್ಗಿ ಅದನ್ನು ಹಿಡಿದವರು ಎದುರಾಳಿ ನ್ಯೂ ಇಂಗ್ಲೆಂಡ್ ತಂಡದ ಮಾಲ್ಕಂ ಬಟ್ಲರ್. 28–24ರಿಂದ ಅವರ ತಂಡ ಗೆದ್ದಿತು. ಬಟ್ಲರ್‌ಗೆ ಅದು ವೃತ್ತಿಪರ ಆಟದ ಮೊದಲ ವರ್ಷ. ‘ಡ್ರಾಫ್ಟ್’ ಎಂಬ ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಅವರನ್ನು ಆರಿಸಿರಲಿಲ್ಲ. ಆ ಪಂದ್ಯವನ್ನು ಆರಂಭಿಸಿದ ಆಟಗಾರರಲ್ಲೂ ಅವರಿರಲಿಲ್ಲ.

ಹಾಗಾದರೆ ಹೊಸಬನನ್ನು ಮೊದಲೇ ಕಣಕ್ಕಿಳಿಸಬೇಕಿತ್ತೇ? ಅಥವಾ ಕಾಯಿಸಿದ್ದರಿಂದಲೇ ಆತ ಹಣ್ಣಾದನೇ? ಪ್ರತಿ ಸೆಪ್ಟೆಂಬರ್‌ನಲ್ಲಿ ಅಲ್ಲಿನ 32 ತಂಡಗಳ ತರಬೇತುದಾರರನ್ನು ಕಾಡುವ ಪ್ರಶ್ನೆ ಇದು.

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಚೆಂಡನ್ನು ಒದೆಯುವ ಆಟ. ಅಮೆರಿಕನ್ನರ ಫುಟ್‌ಬಾಲಿನಲ್ಲಿ ಕೈಯದೇ ದರ್ಬಾರು. ‘ಕ್ವಾರ್ಟರ್‌ಬ್ಯಾಕ್’ ಚೆಂಡನ್ನು ಎಸೆಯುತ್ತಾನೆ, ‘ರಿಸೀವರ್’ ಓಡಿ ಹಿಡಿಯುತ್ತಾನೆ. ಆ ರಿಸೀವರನ ನೆರಳಾಗಿ ಓಡಿ ಅವನನ್ನು ತಡೆಯುವವನೇ ‘ಕಾರ್ನರ್‌ಬ್ಯಾಕ್’. ರಿಸೀವರನಿಗೆ ತಾನು ಎತ್ತ ತಿರುಗುತ್ತೇನೆಂಬುದು ಮೊದಲೇ ಗೊತ್ತು. ಕಾರ್ನರ್‌ಬ್ಯಾಕ್‌ಗೆ ಗೊತ್ತಿಲ್ಲ. ಕಷ್ಟವೆಲ್ಲ ಇರುವುದು ಇಲ್ಲೇ.

ಒಂದು ಸಣ್ಣ ಲೆಕ್ಕ

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ಕಣ್ಣು ಕಂಡದ್ದಕ್ಕೆ ಕಾಲು ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಸೆಕೆಂಡಿಗೆ 9 ಮೀಟರ್ ಓಡುವ ರಿಸೀವರ್ ಅಷ್ಟರಲ್ಲಿ 1.8 ಮೀಟರ್, ಅಂದರೆ ಒಂದಾಳಿನಷ್ಟು ದೂರ, ಮುಂದೆ ಹೋಗಿರುತ್ತಾನೆ.

ಈಗ ಇಬ್ಬರು ಕಾರ್ನರ್‌ಬ್ಯಾಕ್‌ಗಳನ್ನು ಕಲ್ಪಿಸಿಕೊಳ್ಳಿ. ಹೊಸಬನ ವೇಗ ಸೆಕೆಂಡಿಗೆ 9 ಮೀಟರ್, ಹಳಬನದು 8.5 ಮೀಟರ್ ಇರಲಿ. 18 ಮೀಟರ್ ದೂರಕ್ಕೆ ಹೊಸಬನಿಗೆ 2 ಸೆಕೆಂಡು, ಹಳಬನಿಗೆ ಸುಮಾರು 2.12 ಸೆಕೆಂಡು ಬೇಕು. ಆದರೆ ಹಳಬ ಎದುರಾಳಿಯ ಸೊಂಟದ ತಿರುವು, ನಿಂತ ಜಾಗ, ಹೆಜ್ಜೆಯ ಲಯ ನೋಡಿಯೇ ಮುಂದಿನದನ್ನು ಊಹಿಸಿ 0.15 ಸೆಕೆಂಡು ಮೊದಲೇ ಹೊರಟರೆ? ಅವನೇ ಮೊದಲು ತಲುಪುತ್ತಾನೆ! ಅನುಭವವೆಂದರೆ ಈ 0.15 ಸೆಕೆಂಡೇ.

ದೂರವನ್ನು 45 ಮೀಟರಿಗೆ ಏರಿಸಿ ನೋಡಿ. ಹೊಸಬನಿಗೆ 5 ಸೆಕೆಂಡು, ಹಳಬನಿಗೆ ಸುಮಾರು 5.29. ಈ ಅಂತರವನ್ನು ಅನುಭವ ತುಂಬಲಾರದು. ಹತ್ತಿರದ ಆಟದಲ್ಲಿ ಕಣ್ಣು ಗೆಲ್ಲುತ್ತದೆ, ದೂರದ ಓಟದಲ್ಲಿ ಕಾಲು ಗೆಲ್ಲುತ್ತದೆ. ವಯಸ್ಸಾದ ಕಾರ್ನರ್‌ಬ್ಯಾಕ್‌ಗಳು ಎಷ್ಟೋ ಸಲ ಹಿಂದೆ ನಿಂತು ಆಟವನ್ನೆಲ್ಲ ಕಾಣುವ ‘ಸೇಫ್ಟಿ’ ಸ್ಥಾನಕ್ಕೆ ಸರಿಯುವುದು ಇದೇ ಕಾರಣಕ್ಕೆ. 33ನೇ ವಯಸ್ಸಿನಲ್ಲಿ, 2009ರಲ್ಲಿ, 9 ಚೆಂಡುಗಳನ್ನು ಕಸಿದು ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದ ಚಾರ್ಲ್ಸ್ ವುಡ್ಸನ್ ಕೂಡ 2012ರಲ್ಲಿ ಹಾಗೆ ಸರಿದರು.

ನಿಯಮವೂ ಬದಲು

ಕಾಲೇಜಿನಿಂದ ಬಂದ ಹುಡುಗನಿಗೆ ಇನ್ನೊಂದು ತೊಡಕಿದೆ. ವೃತ್ತಿಪರ ಆಟದಲ್ಲಿ ಐದು ಗಜದಾಚೆ ರಿಸೀವರನನ್ನು ತಳ್ಳಿ ತಡೆಯುವಂತಿಲ್ಲ. ಕಾಲೇಜಿನಲ್ಲಿ ಈ ನಿರ್ಬಂಧವಿಲ್ಲ. ಎಸೆದ ಚೆಂಡನ್ನು ಹಿಡಿಯಲು ಅಡ್ಡಿ ಮಾಡಿದರೆ ಕಾಲೇಜಿನಲ್ಲಿ ದಂಡ ಹೆಚ್ಚೆಂದರೆ 15 ಗಜ. ವೃತ್ತಿಪರ ಆಟದಲ್ಲಿ ಚೆಂಡು ತಪ್ಪು ನಡೆದ ಜಾಗಕ್ಕೇ ಹೋಗುತ್ತದೆ. ತಪ್ಪು 40 ಗಜ ಮುಂದೆ ನಡೆದಿದ್ದರೆ ನಷ್ಟವೂ 40 ಗಜ! ಹಳೆಯ ಅಭ್ಯಾಸವನ್ನು ಕೈಗಳು ಮರೆಯಲು ಕಾಲ ಬೇಕಲ್ಲವೇ?

ದಾಖಲೆ ಎರಡೂ ಕಡೆ

ಆದರೂ ಹೊಸಬರು ಬೆರಗು ಹುಟ್ಟಿಸಿದ್ದುಂಟು. 1952ರಲ್ಲಿ ಡಿಕ್ ಲೇನ್ ಮೊದಲ ವರ್ಷವೇ 12 ಪಂದ್ಯಗಳಲ್ಲಿ 14 ಚೆಂಡು ಕಸಿದರು. ಒಂದು ಋತುವಿನ ಈ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. 2015ರಲ್ಲಿ ಮಾರ್ಕಸ್ ಪೀಟರ್ಸ್ 8 ಚೆಂಡು ಕಸಿದರು. 2022ರಲ್ಲಿ ‘ಸಾಸ್’ ಗಾರ್ಡನರ್ ಮೊದಲ ವರ್ಷವೇ ಇಡೀ ಲೀಗಿನ ಶ್ರೇಷ್ಠರ ತಂಡಕ್ಕೆ ಆಯ್ಕೆಯಾದರು.

ಇನ್ನೊಂದು ಕಡೆ ರಾಂಡೆ ಬಾರ್ಬರ್ ಇದ್ದಾರೆ. 1997ರಲ್ಲಿ, ತಮ್ಮ ಮೊದಲ ವರ್ಷ, ಲೀಗ್ ಹಂತದಲ್ಲಿ ಅವರು ಆಡಿದ್ದು ಒಂದೇ ಪಂದ್ಯ. ಮುಂದೆ ಒಂದೇ ತಂಡಕ್ಕೆ 16 ವರ್ಷ ಆಡಿ 47 ಚೆಂಡು ಕಸಿದರು. 2023ರಲ್ಲಿ ‘ಹಾಲ್ ಆಫ್ ಫೇಮ್’ ಗೌರವ ಪಡೆದರು. ಕಾದದ್ದರಿಂದ ಅವರು ಕೆಡಲಿಲ್ಲ. 2011ರಲ್ಲಿ ಸಿಯಾಟಲ್‌ನ ರಿಚರ್ಡ್ ಶೆರ್ಮನ್‌ಗೆ ಅವಕಾಶ ಬಂದದ್ದು ಹಿರಿಯರು ಗಾಯಗೊಂಡಾಗ. ಸಿಕ್ಕ ಜಾಗವನ್ನು ಅವರು ಬಿಟ್ಟುಕೊಡಲಿಲ್ಲ.

ಹಣದ ಮಾತೂ ಇದೆ. ತಂಡದ ಒಟ್ಟು ಸಂಬಳಕ್ಕೆ 1994ರಿಂದ ಮಿತಿಯಿದೆ. ಹೊಸಬರ ಸಂಬಳವನ್ನು 2011ರ ಒಪ್ಪಂದ ಕಟ್ಟಿಹಾಕಿತು. ಅಗ್ಗವಾಗಿ ಸಿಗುವ ಹುಡುಗನನ್ನು ಬೇಗ ಆಡಿಸುವ ಆಸೆ ಮಾಲೀಕರಿಗೆ ಸಹಜ. ಆದರೆ ಆತ ಸಿದ್ಧನಿದ್ದಾನೆಯೇ ಎಂಬುದಕ್ಕೆ ಸಂಬಳದ ಪಟ್ಟಿ ಉತ್ತರ ಕೊಡದು.

ಜಾಣ ತರಬೇತುದಾರರು ನಡುದಾರಿ ಹಿಡಿಯುತ್ತಾರೆ. ಹೊಸಬನನ್ನು ಕೆಲವೇ ಸರದಿಗಳಿಗೆ ಇಳಿಸುತ್ತಾರೆ, ಅವನ ಹಿಂದೆ ಒಬ್ಬ ಅನುಭವಿ ಸೇಫ್ಟಿಯನ್ನು ನಿಲ್ಲಿಸುತ್ತಾರೆ. ತಪ್ಪಿದರೂ ಪಂದ್ಯ ಕೈಬಿಡದಂತೆ ನೋಡಿಕೊಂಡು ಕಲಿಸುತ್ತಾರೆ. ಬಟ್ಲರ್ ಅನಂತರ ಹೇಳಿದ ಸಂಗತಿ ಇದನ್ನೇ ತೋರಿಸುತ್ತದೆ: ಸಿಯಾಟಲ್ ಅಂದು ಹೂಡಿದ ತಂತ್ರವನ್ನೇ ಪಂದ್ಯಕ್ಕೆ ಮುನ್ನ ಅಭ್ಯಾಸದಲ್ಲಿ ಎದುರಿಸಿ ಅವರು ಸೋತಿದ್ದರು. ಆ ಸೋಲು ಅವರಿಗೆ ಬೇಕಾದ 0.15 ಸೆಕೆಂಡನ್ನು ಕೊಟ್ಟಿತು.

‘ಅನುಭವ ಇದ್ದವರಿಗೆ ಮಾತ್ರ’ ಎಂಬ ಜಾಹೀರಾತು ಕಂಡು ಮಕ್ಕಳು ಕುಗ್ಗುತ್ತಾರೆ, ಹೆತ್ತವರು ನಿಟ್ಟುಸಿರು ಬಿಡುತ್ತಾರೆ. ನೀರಿಗಿಳಿಯದೆ ಈಜು ಬಾರದು, ನಿಜ. ಆದರೆ ದಡದಲ್ಲಿ ಒಬ್ಬರು ಹಗ್ಗ ಹಿಡಿದು ನಿಂತಿರಬೇಕು. ಮಕ್ಕಳೇ, ಕಾಯುವ ಕಾಲವನ್ನು ನೋಡಿ ಕಲಿಯಲು ಬಳಸಿ. ಹಿರಿಯರೇ, ಸರಿಯಾದ ಗಳಿಗೆ ಬಂದಾಗ ಜಾಗ ಬಿಟ್ಟುಕೊಡಿ, ಹಗ್ಗ ಮಾತ್ರ ಕೈಯಲ್ಲಿರಲಿ.