ದರವೋ, ದಾರಿಯೋ?

ಕೊಳ್ಳುವವನ ಕೈಯಲ್ಲಿ ಹಣವಿದ್ದರಷ್ಟೇ ಸಾಲದು. ಏನನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬ ವಿವೇಕವೂ ಇರಬೇಕು. ಮನೆಯ ಯಜಮಾನನು ಸಂತೆಯಲ್ಲಿ ನಾಲ್ಕು ಕಡೆ ವಿಚಾರಿಸಿ ತನಗೊಪ್ಪಿದ ಅಂಗಡಿಯಲ್ಲಿ ಕೊಳ್ಳಬಹುದು. ಆದರೆ ಶಾಲೆ, ಪಂಚಾಯಿತಿ, ಆಸ್ಪತ್ರೆ, ಸಹಕಾರ ಸಂಘ ಮೊದಲಾದವು ವೆಚ್ಚ ಮಾಡುವುದು ಹತ್ತು ಜನರ ಹಣವನ್ನು. ಆದುದರಿಂದ ಅವು ಸರಬರಾಜುದಾರರನ್ನು ಬರಹದ ಮೂಲಕ ಕೇಳುತ್ತವೆ. ಉತ್ತರವನ್ನೂ ಬರಹದಲ್ಲಿಯೇ ಪಡೆಯುತ್ತವೆ. ಹೀಗೆ ಕೇಳುವುದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ದರಪಟ್ಟಿಯನ್ನು ಕೇಳುವುದು ಒಂದು. ಪ್ರಸ್ತಾವವನ್ನು ಕೇಳುವುದು ಇನ್ನೊಂದು.

ಬೇಕಾದ ವಸ್ತು ಯಾವುದೆಂಬುದು ಖಚಿತವಾಗಿ ತಿಳಿದಿರುವಾಗ ದರಪಟ್ಟಿಯನ್ನು ಕೇಳುವುದು ವಾಡಿಕೆ. ಒಂದು ಶಾಲೆಗೆ 40 ಬೆಂಚುಗಳು ಬೇಕಾಗಿವೆ ಎಂದಿಟ್ಟುಕೊಳ್ಳೋಣ. ಬೆಂಚಿನ ಉದ್ದ, ಅಗಲ, ಎತ್ತರ, ಮರದ ಜಾತಿ, ಒಪ್ಪಿಸಬೇಕಾದ ದಿನ ಇವೆಲ್ಲವನ್ನೂ ಶಾಲೆಯೇ ನಿರ್ಧರಿಸಿದೆ. ಉಳಿದಿರುವ ಪ್ರಶ್ನೆ ಒಂದೇ: ಬೆಲೆ ಎಷ್ಟು? ಮೂರು ನಾಲ್ಕು ವ್ಯಾಪಾರಿಗಳಿಗೆ ಒಂದೇ ವಿವರವುಳ್ಳ ಪತ್ರವನ್ನು ಕಳುಹಿಸಿ, ಬಂದ ದರಗಳನ್ನು ಹೋಲಿಸಿದರೆ ಕೆಲಸ ಮುಗಿಯುತ್ತದೆ.

ಈ ಹೋಲಿಕೆಯಲ್ಲಿಯೂ ಎಚ್ಚರ ಬೇಕು. ಒಬ್ಬನು ಸಾಗಣೆಯೂ ಸೇರಿದಂತೆ ಬೆಂಚಿಗೆ 4,200 ರೂಪಾಯಿ ಎಂದು ಬರೆಯುತ್ತಾನೆ. ಇನ್ನೊಬ್ಬನು 4,100 ರೂಪಾಯಿ ಎಂದು ಬರೆದು, ಸಾಗಣೆಯ ವೆಚ್ಚ 6,000 ರೂಪಾಯಿ ಬೇರೆ ಎಂದು ಕೆಳಗೆ ಸೂಚಿಸುತ್ತಾನೆ. ಆ ವೆಚ್ಚವನ್ನು 40 ಬೆಂಚುಗಳಿಗೆ ಹಂಚಿದರೆ ಒಂದೊಂದಕ್ಕೆ 150 ರೂಪಾಯಿ ಸೇರಿ ದರವು 4,250 ರೂಪಾಯಿ ಆಗುತ್ತದೆ. ಅಗ್ಗವೆಂದು ತೋರಿದ್ದೇ ದುಬಾರಿಯಾಯಿತು! ತೆರಿಗೆ, ಸಾಗಣೆಗಳನ್ನು ಸೇರಿಸಿಯೇ ದರವನ್ನು ತಿಳಿಸಬೇಕೆಂದು ಪತ್ರದಲ್ಲಿ ಸ್ಪಷ್ಟಪಡಿಸುವುದು ಇದಕ್ಕಾಗಿಯೇ.

ಆದರೆ ಎಲ್ಲ ಅಗತ್ಯಗಳೂ ಬೆಂಚಿನಷ್ಟು ಸರಳವಲ್ಲ. ಬಯಲುಸೀಮೆಯ ಶಾಲೆಯೊಂದರಲ್ಲಿ 300 ಮಕ್ಕಳಿದ್ದಾರೆ; ಬೇಸಗೆ ಬಂದಿತೆಂದರೆ ಕುಡಿಯುವ ನೀರಿಗೆ ಪರದಾಟ. ಶಾಲೆಯ ಸಮಿತಿಯು ಕೊಳವೆಬಾವಿಯನ್ನು ಕೊರೆಯಿಸಲು ಅಡಿಗೆ ಎಷ್ಟು ದರವೆಂದು ಕೇಳಿತೆನ್ನೋಣ. ಬರುವ ಉತ್ತರಗಳೆಲ್ಲವೂ ಕೊಳವೆಬಾವಿಯನ್ನು ಕುರಿತವೇ ಆಗಿರುತ್ತವೆ. ನೆಲದಡಿಯಲ್ಲಿ ನೀರೇ ಇಲ್ಲದಿದ್ದರೆ ಅತ್ಯಂತ ಕಡಮೆಯ ದರವೂ ವ್ಯರ್ಥವೇ. ಅದರ ಬದಲು, “300 ಮಕ್ಕಳಿಗೆ ವರ್ಷವಿಡೀ ಕುಡಿಯುವ ನೀರು ಬೇಕು, ಒದಗಿಸುವ ದಾರಿ ಯಾವುದು, ಅದಕ್ಕೆ ತಗಲುವ ವೆಚ್ಚವೆಷ್ಟು?” ಎಂದು ಕೇಳಿದರೆ ಇದೇ ಪ್ರಸ್ತಾವದ ಕೋರಿಕೆಯಾಗುತ್ತದೆ. ಆಗ ಒಬ್ಬನು ಹಳೆಯ ತೆರೆದ ಬಾವಿಯನ್ನು ದುರಸ್ತಿ ಮಾಡುವ ಯೋಜನೆಯನ್ನು ತರಬಹುದು. ಮತ್ತೊಬ್ಬನು ಚಾವಣಿಯ ಮಳೆನೀರನ್ನು ಹಿಡಿದಿಡುವ ಲೆಕ್ಕವನ್ನು ಮುಂದಿಡಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಸುರಿದರೆ ದೊರೆಯುವುದು ಒಂದು ಲೀಟರು ನೀರು. 500 ಚದರ ಮೀಟರಿನ ಚಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರು ಮಳೆಯಾದರೆ 2,50,000 ಲೀಟರು ಬೀಳುತ್ತದೆ. ಐದರಲ್ಲಿ ಒಂದು ಪಾಲು ಪೋಲಾದರೂ 2,00,000 ಲೀಟರು ಉಳಿದೀತು. ಕೊಳವೆಬಾವಿಯ ದರವನ್ನಷ್ಟೇ ಕೇಳಿದ್ದರೆ ಈ ವಿಚಾರವು ಸಮಿತಿಯ ಮುಂದೆ ಬರುತ್ತಲೇ ಇರಲಿಲ್ಲ.

ಪರಿಹಾರವನ್ನು ಬಲ್ಲವರಿಂದಲೇ ಕೇಳುವ ಈ ಪದ್ಧತಿ ಹೊಸದೇನೂ ಅಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮಹಾದೇವಾಲಯವೊಂದರ ಗೋಡೆಗಳು ಎದ್ದು ನಿಂತಿದ್ದವು. ಆದರೆ 140 ಅಡಿಗೂ ಮಿಗಿಲಾದ ಅಗಲದ ಆ ತೆರಪಿನ ಮೇಲೆ ಗುಮ್ಮಟವನ್ನು ಕಟ್ಟುವ ಬಗೆ ಯಾರಿಗೂ ತಿಳಿದಿರಲಿಲ್ಲ. 1418ರಲ್ಲಿ ಅದರ ಆಡಳಿತ ಮಂಡಳಿಯು ಗುಮ್ಮಟ ಕಟ್ಟುವ ಮಾದರಿಗಳನ್ನು ಆಹ್ವಾನಿಸಿ, 200 ಚಿನ್ನದ ನಾಣ್ಯಗಳ ಬಹುಮಾನವನ್ನು ಸಾರಿತು. ಅಕ್ಕಸಾಲೆಯ ವೃತ್ತಿಯಲ್ಲಿ ಪಳಗಿದ್ದ ಬ್ರುನೆಲ್ಲೆಸ್ಕಿಯು, ನೆಲದಿಂದ ಮರದ ಆಧಾರಗಳನ್ನು ನಿಲ್ಲಿಸದೆಯೇ ಗುಮ್ಮಟವನ್ನು ಕಟ್ಟಬಹುದೆಂದು ಇಟ್ಟಿಗೆಯ ಮಾದರಿಯಿಂದ ತೋರಿಸಿದನು. 1420ರಲ್ಲಿ ಆರಂಭವಾದ ಕೆಲಸವು 1436ರಲ್ಲಿ ಪೂರೈಸಿತು. ಆ ಗುಮ್ಮಟವು ಇಂದಿಗೂ ನಿಂತಿದೆ. ಮಂಡಳಿಯು ಗಾರೆಯವರ ಕೂಲಿಯ ದರವನ್ನಷ್ಟೇ ವಿಚಾರಿಸಿದ್ದರೆ ಅಂಥ ಉಪಾಯವು ಬೆಳಕಿಗೆ ಬರುತ್ತಿತ್ತೇ?

ಹಾಗೆಂದು ಪ್ರಸ್ತಾವವೇ ಮೇಲು, ದರಪಟ್ಟಿ ಕೀಳು ಎಂದಲ್ಲ. ದರಗಳನ್ನು ಅಂಕಿಗಳಿಂದ ಅಳೆಯಬಹುದು; ಯೋಜನೆಗಳನ್ನು ಅಳೆಯಲು ವಿಮರ್ಶಾಶಕ್ತಿ ಬೇಕು. ವಿಮರ್ಶೆಯಿರುವಲ್ಲಿ ಪಕ್ಷಪಾತವೂ ನುಸುಳಬಹುದು. ಆದುದರಿಂದ ಗುಣಕ್ಕೆ ಎಷ್ಟು ಅಂಕ, ಬೆಲೆಗೆ ಎಷ್ಟು ಅಂಕ ಎಂಬುದನ್ನು ಮೊದಲೇ ಪ್ರಕಟಿಸಬೇಕು. ಎಷ್ಟೋ ಕಡೆ ಯೋಜನೆಯನ್ನು ಒಂದು ಲಕೋಟೆಯಲ್ಲಿಯೂ ಬೆಲೆಯನ್ನು ಇನ್ನೊಂದರಲ್ಲಿಯೂ ಮುಚ್ಚಿ ಕೊಡಬೇಕೆಂಬ ನಿಯಮವಿದೆ. ಮೊದಲು ಯೋಜನೆಯ ಲಕೋಟೆಯನ್ನು ತೆರೆದು ಪರಿಶೀಲಿಸುತ್ತಾರೆ. ಅರ್ಹವೆನಿಸಿದವರ ಬೆಲೆಯ ಲಕೋಟೆಯನ್ನು ಮಾತ್ರ ಆಮೇಲೆ ಒಡೆಯುತ್ತಾರೆ. ಕಡಮೆ ಬೆಲೆಯ ಆಸೆಯಿಂದ ಪರೀಕ್ಷಕರ ಕಣ್ಣು ಮಂಜಾಗದಿರಲೆಂಬುದೇ ಇದರ ಉದ್ದೇಶ. ಇಂದು ಈ ಲಕೋಟೆಗಳ ಕೆಲಸವನ್ನು ಬಹುಮಟ್ಟಿಗೆ ಗಣಕಯಂತ್ರವು ನಿರ್ವಹಿಸುತ್ತದೆ. ಕರ್ನಾಟಕದಲ್ಲಿ ಸರ್ಕಾರದ ಖರೀದಿಗಳು ಬಯಲಿನಲ್ಲಿ ನಡೆಯಬೇಕೆಂದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಎಂಬ ಕಾನೂನನ್ನು ರೂಪಿಸಲಾಯಿತು.

ಬೆಂಚಿನಂಥ ಸಾಮಾನ್ಯ ವಸ್ತುವಿಗೆ ಪ್ರಸ್ತಾವಗಳನ್ನು ಕರೆದರೆ ಕಾಲಹರಣವಾಗುತ್ತದೆ. ಬೇಕಾದವರಿಗೆ ಕೊಡಲು ನೆಪವೂ ದೊರೆಯುತ್ತದೆ. ನೀರಿನಂಥ ಜಟಿಲ ಸಮಸ್ಯೆಗೆ ದರವನ್ನಷ್ಟೇ ಕೇಳಿದರೆ ಹಣ ಖರ್ಚಾಗಿ ಬಾಯಾರಿಕೆ ಹಾಗೆಯೇ ಉಳಿಯುತ್ತದೆ. ಬೇಕಾದುದು ಗೊತ್ತಿದ್ದಾಗ ದರವನ್ನು ಕೇಳಬೇಕು. ನೀಗಬೇಕಾದ ಕಷ್ಟ ಗೊತ್ತಿದ್ದು ನೀಗುವ ಬಗೆ ತಿಳಿಯದಿದ್ದಾಗ ದಾರಿಯನ್ನು ಕೇಳಬೇಕು. ಈ ಭೇದವನ್ನರಿತು ಕೇಳುವವರ ಕೈಯಲ್ಲಿ ಜನರ ಹಣ ಸುರಕ್ಷಿತವಾಗಿರುತ್ತದೆ.