ಓರಗಿತ್ತಿಯ ಬಿ.ಪಿ. ಮಾತ್ರೆ ನಿಮಗೆ ಬೇಡ

ನಿಮ್ಮ ಮನೆಯ ಔಷಧಿ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಅದು ಬೀರುವಿನಲ್ಲಿಟ್ಟ ಹಳೆಯ ಬಿಸ್ಕತ್ತಿನ ಡಬ್ಬಿಯಾಗಿರಲಿ, ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಬುಟ್ಟಿಯಾಗಿರಲಿ. ಅಪ್ಪನ ಬಿ.ಪಿ.ಗೆಂದು ಬರೆದುಕೊಟ್ಟ ಅಟೆನಲಾಲ್ ಅಥವಾ ಟೆಲ್ಮಿಸಾರ್ಟನ್, ಅಜ್ಜನಿಗೆ ಮೂತ್ರ ಸಲೀಸಾಗಿ ಹೋಗಲೆಂದು ಕೊಟ್ಟ ಟ್ಯಾಮ್ಸುಲೋಸಿನ್, ಅಜ್ಜಿಯ ಕಣ್ಣಿಗೆ ಟಿಮೊಲಾಲ್ ಹನಿ, ಮಗಳ ಉಬ್ಬಸಕ್ಕೆ ಸಾಲ್ಬುಟಮಾಲ್ ಪಂಪು, ನೆಗಡಿಗೆ ಸೆಟಿರಿಜಿನ್, ಕಟ್ಟಿದ ಮೂಗಿಗೆ ಹನಿ, ಹೊಟ್ಟೆ ಹಿಂಡುವ ನೋವಿಗೆ ಡೈಸೈಕ್ಲೋಮಿನ್, ವಾಂತಿಗೆ ಡೊಂಪೆರಿಡೋನ್. ಕಾಯಿಲೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಮಾತ್ರೆಗಳ ಬಣ್ಣ, ಬೆಲೆ, ಕಂಪನಿ ಎಲ್ಲವೂ ಬೇರೆ ಬೇರೆ. ಆದರೆ ಇವೆಲ್ಲವೂ ದೇಹದೊಳಗೆ ಹೋಗಿ ಕೆಲಸ ಮಾಡುವುದು ಒಂದೇ ದೊಡ್ಡ ಕುಟುಂಬಕ್ಕೆ ಸೇರಿದ ಪ್ರೊಟೀನುಗಳ ಮೇಲೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಆ ಕುಟುಂಬದ ಹೆಸರು ಜಿ ಪ್ರೊಟೀನ್ ಜೋಡಿತ ಗ್ರಾಹಕಗಳು. ಗ್ರಾಹಕ ಎಂದೊಡನೆ ಮಂಡಿಪೇಟೆಯ ಅಂಗಡಿಗೆ ಬರುವ ಗಿರಾಕಿಯನ್ನು ನೆನೆಯಬೇಡಿ. ಜೀವಕೋಶದ ಹೊರಪೊರೆಯಲ್ಲಿ ಕುಳಿತು, ಹೊರಗಿನಿಂದ ಬಂದ ಸುದ್ದಿಯನ್ನು ಗ್ರಹಿಸಿ ಒಳಗೆ ಮುಟ್ಟಿಸುವ ಪ್ರೊಟೀನಿಗೆ ಈ ಹೆಸರು. ಮನುಷ್ಯನ ದೇಹದಲ್ಲಿ ಈ ಜಾತಿಯ ಗ್ರಾಹಕಗಳು ಸುಮಾರು 800 ಬಗೆಯವು ಇವೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಾಸನೆ ಹಿಡಿಯುವುದಕ್ಕೇ ಮೀಸಲು. ಇಂದು ಬಳಕೆಯಲ್ಲಿರುವ ಔಷಧಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇದೇ ಕುಟುಂಬವನ್ನು ಗುರಿಯಾಗಿಟ್ಟುಕೊಂಡವು. ಹಾಗೆಂದು ಎಲ್ಲ ಮಾತ್ರೆಗಳೂ ಹೀಗೇ ಎಂದು ತಿಳಿಯಬೇಡಿ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಬಿ.ಪಿ.ಯ ಆಮ್ಲೋಡಿಪಿನ್ ಇವುಗಳ ದಾರಿ ಬೇರೆ.

ಕರೆಗಂಟೆಯ ಕೆಲಸ

ಈ ಗ್ರಾಹಕ ಹೇಗೆ ಕೆಲಸ ಮಾಡುತ್ತದೆ? ನಿಮ್ಮ ಮನೆಯ ಕರೆಗಂಟೆಯನ್ನು ನೆನಪಿಸಿಕೊಳ್ಳಿ. ಬಂದವರು ಹೊರಗೆ ನಿಂತು ಗುಂಡಿ ಒತ್ತುತ್ತಾರೆ, ಗಂಟೆ ಒಳಗೆ ಬಾರಿಸುತ್ತದೆ. ಬಂದವರು ಒಳಗೆ ಕಾಲಿಡಬೇಕಾಗಿಲ್ಲ. ಹಾಗೆಯೇ ರಕ್ತದಲ್ಲಿ ತೇಲಿ ಬರುವ ಹಾರ್ಮೋನು ಜೀವಕೋಶದ ಒಳಗೆ ಹೋಗುವುದಿಲ್ಲ; ಹೊರಗಿನ ಗುಂಡಿಯನ್ನು ಒತ್ತುತ್ತದೆ, ಅಷ್ಟೆ. ಗುಂಡಿಯೇ ಗ್ರಾಹಕ. ಅದು ಜೀವಕೋಶದ ಪೊರೆಯನ್ನು ಏಳು ಬಾರಿ ಒಳಗೂ ಹೊರಗೂ ಹೊಲಿಗೆ ಹಾಕಿದಂತೆ ದಾಟಿರುತ್ತದೆ. ಗುಂಡಿಯಿಂದ ಒಳಗಿನ ಗಂಟೆಗೆ ಸುದ್ದಿ ಒಯ್ಯುವ ತಂತಿಯೇ ಜಿ ಪ್ರೊಟೀನು. ಈ ತಂತಿಯನ್ನು ಪತ್ತೆ ಹಚ್ಚಿದ ಗಿಲ್ಮನ್ ಮತ್ತು ರಾಡ್‌ಬೆಲ್ ಅವರಿಗೆ 1994ರಲ್ಲಿ ನೊಬೆಲ್ ಬಹುಮಾನ ಬಂತು. ಗುಂಡಿಯ ರಚನೆಯನ್ನು ಬಿಡಿಸಿ ತೋರಿಸಿದ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕ ಅವರಿಗೆ 2012ರಲ್ಲಿ ಬಂತು. ಇಬ್ಬರೂ ವೈದ್ಯಶಾಸ್ತ್ರ ಓದಿದವರು ಎಂಬುದು ನಮ್ಮಂಥವರಿಗೆ ಸ್ವಲ್ಪ ಹೆಮ್ಮೆಯ ಸಂಗತಿ.

1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ ಹೆಸರಾದ ಊರು ಗುಬ್ಬಿ. ಪರದೆ ಏಳುವ ಮೊದಲು ನಟನ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಅಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಆ ಗಳಿಗೆಯಲ್ಲಿ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್ ಹೊರಡುತ್ತದೆ. ಹೃದಯದ ಮೇಲಿರುವ ಬೀಟಾ ಒಂದು ಎಂಬ ಗುಂಡಿಯನ್ನು ಒತ್ತಿದಾಗ ಎದೆಬಡಿತ ಏರುತ್ತದೆ. ಅದೇ ಅಡ್ರಿನಲಿನ್ ಶ್ವಾಸನಾಳದ ಬೀಟಾ ಎರಡು ಗುಂಡಿಯನ್ನು ಒತ್ತಿದಾಗ ನಾಳ ಹಿಗ್ಗಿ ಉಸಿರು ಸಲೀಸಾಗುತ್ತದೆ. ರಕ್ತನಾಳಗಳ ಆಲ್ಫಾ ಗುಂಡಿ ಒತ್ತಿದಾಗ ಚರ್ಮ ಬಿಳಿಚಿಕೊಂಡು ಅಂಗೈ ತಣ್ಣಗಾಗುತ್ತದೆ. ಬಂದ ಅತಿಥಿ ಒಬ್ಬನೇ, ಒಂದೊಂದು ಮನೆಯಲ್ಲಿ ಒಂದೊಂದು ಗಂಟೆ.

ಔಷಧಿಯ ಗುಣವೂ ಅಪಾಯವೂ ಇರುವುದು ಇಲ್ಲಿಯೇ. ಗುಂಡಿಯ ಮೇಲೆ ಅಂಟುಪಟ್ಟಿ ಹಚ್ಚಿ ಯಾರೂ ಒತ್ತದಂತೆ ಮಾಡುವ ಮಾತ್ರೆಗಳಿಗೆ ಬ್ಲಾಕರ್ ಎನ್ನುತ್ತೇವೆ. ಹೃದಯದ ಗುಂಡಿಗೆ ಪಟ್ಟಿ ಹಚ್ಚಲೆಂದು ನುಂಗಿದ ಮಾತ್ರೆ ರಕ್ತದಲ್ಲಿ ಬೆರೆತ ಮೇಲೆ ಶ್ವಾಸಕೋಶಕ್ಕೂ ಹೋಗುತ್ತದೆ. ಅದಕ್ಕೆ ಮನೆಯ ನಂಬರು ಕೊಟ್ಟು ಕಳಿಸಲು ಬರುವುದಿಲ್ಲ.

ಕುಣಿಗಲ್ ಕಡೆಯ ಹಳ್ಳಿಯೊಂದರಿಂದ ಐವತ್ತು ದಾಟಿದ ಹೆಣ್ಣುಮಗಳೊಬ್ಬರನ್ನು ಒಂದು ರಾತ್ರಿ ಆಟೋದಲ್ಲಿ ಕರೆತಂದರು. ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ, ತುಟಿ ನೀಲಿಗಟ್ಟಿದೆ. ಚಿಕ್ಕಂದಿನಲ್ಲಿ ಗೂರಲು ಇತ್ತಂತೆ, ಹತ್ತು ವರ್ಷದಿಂದ ಸದ್ದಿರಲಿಲ್ಲವಂತೆ. ಕೆಲವು ದಿನಗಳಿಂದ ಎದೆ ಡವಡವ ಎನ್ನುತ್ತಿತ್ತು. ಅವರ ಓರಗಿತ್ತಿಗೆ ಕೈ ನಡುಕಕ್ಕೆಂದು ತುಮಕೂರಿನಲ್ಲಿ ಪ್ರೊಪ್ರನಲಾಲ್ ಬರೆದುಕೊಟ್ಟಿದ್ದರು. "ಅವಳಿಗೆ ಎದೆ ಹೊಡ್ಕೊಳ್ಳೋದೂ ನಿಂತೋಯ್ತಂತೆ ಸಾರ್, ಅದಕ್ಕೇ ಇವಳಿಗೂ ಒಂದು ಕೊಟ್ವಿ" ಎಂದರು ಜೊತೆಗೆ ಬಂದವರು. ಕೊಟ್ಟದ್ದು ನಲವತ್ತು ಮಿಲಿಗ್ರಾಮಿನ ಒಂದೇ ಮಾತ್ರೆ, ಅದೂ ಪ್ರೀತಿಯಿಂದಲೇ. ಆದರೆ ಪ್ರೊಪ್ರನಲಾಲ್ ಹೃದಯದ ಗುಂಡಿಯನ್ನೂ ಶ್ವಾಸನಾಳದ ಗುಂಡಿಯನ್ನೂ ಭೇದವಿಲ್ಲದೆ ಮುಚ್ಚುವ ಔಷಧಿ. ಉಬ್ಬಸದ ಮೈಗೆ ಶ್ವಾಸನಾಳವನ್ನು ತೆರೆದಿಡುವ ಆಸರೆಯೇ ಆ ಗುಂಡಿ. ಅದಕ್ಕೆ ಪಟ್ಟಿ ಬಿದ್ದ ಮೇಲೆ ನಾಳ ಕುಗ್ಗಿತು. ಮನೆಯವರು ದಾರಿಯಲ್ಲಿ ಪಕ್ಕದ ಮನೆಯ ಹುಡುಗನ ಸಾಲ್ಬುಟಮಾಲ್ ಪಂಪನ್ನು ಎರಡು ಸಲ ಎಳೆಸಿದ್ದರು. ಏನೂ ಪ್ರಯೋಜನವಾಗಿರಲಿಲ್ಲ. ಆಗುವುದಾದರೂ ಹೇಗೆ? ಸಾಲ್ಬುಟಮಾಲ್ ಒತ್ತಬೇಕಾದದ್ದೂ ಅದೇ ಮುಚ್ಚಿದ ಗುಂಡಿಯನ್ನು.

ಆಮ್ಲಜನಕ ಕೊಟ್ಟು, ಬೇರೊಂದು ಗುಂಡಿಯ ಮೂಲಕ ನಾಳ ಹಿಗ್ಗಿಸುವ ಇಪ್ರಟ್ರೋಪಿಯಂ ಆವಿಯನ್ನು ಎಳೆಸಿ, ತುಮಕೂರಿಗೆ ಕಳಿಸಿದೆವು. ಮೂರು ದಿನಕ್ಕೆ ಚೇತರಿಸಿಕೊಂಡರು. ಎದೆ ಡವಡವಿಸಲು ಕಾರಣ ರಕ್ತಹೀನತೆ. ಹಿಮೊಗ್ಲೋಬಿನ್ ಏಳರಷ್ಟೇ ಇತ್ತು. ಕಡಮೆ ರಕ್ತದಲ್ಲೇ ಮೈಯನ್ನು ನಡೆಸಲು ಹೃದಯ ವೇಗವಾಗಿ ಓಡುತ್ತಿತ್ತು. ಬೇಕಾಗಿದ್ದದ್ದು ಕಬ್ಬಿಣಾಂಶದ ಮಾತ್ರೆ, ಓಡುವ ಹೃದಯದ ಕಾಲು ಕಟ್ಟುವ ಮಾತ್ರೆಯಲ್ಲ.

ಪ್ರೊಪ್ರನಲಾಲ್ ಕೆಟ್ಟ ಔಷಧಿ ಎಂದು ಇದರಿಂದ ತಿಳಿಯಬಾರದು. ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿದ್ದು ಸುಮ್ಮನೆ ಅಲ್ಲ. ಅರೆತಲೆನೋವು, ಥೈರಾಯ್ಡ್ ಹೆಚ್ಚಳ, ಕೈನಡುಕ ಇವುಗಳಿಗೆ ಇಂದಿಗೂ ನಾವು ಬರೆಯುತ್ತೇವೆ. ಅಟೆನಲಾಲ್, ಮೆಟೊಪ್ರೊಲಾಲ್ ಮುಂತಾದ ಮುಂದಿನ ಔಷಧಿಗಳು ಹೆಚ್ಚಾಗಿ ಹೃದಯದ ಗುಂಡಿಯನ್ನೇ ಹುಡುಕುತ್ತವೆ. ಪ್ರಮಾಣ ಹೆಚ್ಚಿದಂತೆ ಅವೂ ಈ ಭೇದವನ್ನು ಮರೆಯುತ್ತವೆ. ಉಬ್ಬಸ ಇದ್ದವರು, ಎಂದೋ ಇತ್ತು ಈಗಿಲ್ಲ ಎನ್ನುವವರು ಸಹ, ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ಹೇಳಿ. ಕಣ್ಣಿನ ವೈದ್ಯರ ಬಳಿಯಲ್ಲೂ ಹೇಳಿ.

ಕಣ್ಣಿಗೂ ಉಬ್ಬಸಕ್ಕೂ ಏನು ಸಂಬಂಧ ಎನ್ನುತ್ತೀರಾ? ಗ್ಲಾಕೋಮಾಕ್ಕೆ ಬಿಡುವ ಟಿಮೊಲಾಲ್ ಸಹ ಇದೇ ಬಗೆಯ ಬ್ಲಾಕರ್. ಕಣ್ಣಿಗೆ ಬಿಟ್ಟ ಹನಿ ಕಣ್ಣಿನಲ್ಲೇ ನಿಲ್ಲುವುದಿಲ್ಲ. ಮೂಗಿನ ಬದಿಯ ಕಣ್ಣಿನ ಮೂಲೆಯಲ್ಲಿ ಸಣ್ಣ ಕೊಳವೆಯೊಂದಿದೆ. ಅತ್ತಾಗ ಮೂಗು ಸೋರುವುದು ಅದರಿಂದಲೇ. ಹನಿ ಅದರ ಮೂಲಕ ಮೂಗಿಗೆ ಇಳಿದು, ಅಲ್ಲಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯನ್ನು ಯಕೃತ್ತು ಸ್ವಲ್ಪ ಮಟ್ಟಿಗೆ ಮುರಿದುಹಾಕುತ್ತದೆ. ಈ ಹನಿಗೆ ಆ ತಡೆಯೂ ಇಲ್ಲ. ಹನಿ ಬಿಟ್ಟ ಕೂಡಲೇ ಕಣ್ಣು ಮುಚ್ಚಿ, ಆ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧಿ ಕಣ್ಣಿನಲ್ಲೇ ಹೆಚ್ಚು ಉಳಿಯುತ್ತದೆ. ಉಬ್ಬಸ ಇರುವವರಿಗೆ ಮಾತ್ರ ಇಷ್ಟು ಸಾಲದು. ಅವರಿಗೆ ಬೇರೆ ಬಗೆಯ ಹನಿಗಳಿವೆ, ಬದಲಿಸಿಕೊಡಲು ಕೇಳಿ.

ಬೀಟಾ ಬ್ಲಾಕರ್ ನುಂಗುವ ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು. ಸಕ್ಕರೆ ತೀರಾ ಇಳಿದಾಗ ಎದೆ ಹೊಡೆದುಕೊಂಡು ಕೈ ನಡುಗಿ ಎಚ್ಚರಿಕೆ ಸಿಗುತ್ತದಲ್ಲ, ಈ ಮಾತ್ರೆ ಆ ಎಚ್ಚರಿಕೆಯನ್ನು ಮರೆಮಾಡಬಹುದು. ಬೆವರುವುದು ಮಾತ್ರ ಉಳಿದಿರುತ್ತದೆ. ಕಾರಣವಿಲ್ಲದೆ ಮೈ ಬೆವರಿದರೆ ಸಕ್ಕರೆ ಪರೀಕ್ಷಿಸಿ.

ಗುಂಡಿಗಳು ಹೆಚ್ಚುತ್ತವೆ, ಕಡಮೆಯಾಗುತ್ತವೆ

"ಬಿ.ಪಿ. ನಾರ್ಮಲ್ ಆಯ್ತಲ್ಲ ಡಾಕ್ಟ್ರೇ, ಮಾತ್ರೆ ಬಿಟ್ಬಿಟ್ಟೆ" ಎಂಬ ಮಾತನ್ನು ನಾನು ವಾರಕ್ಕೆ ಮೂರು ಸಲವಾದರೂ ಕೇಳುತ್ತೇನೆ. ಯಡಿಯೂರಿಗೆ ಹೊರಟಾಗ, ಸಿದ್ಧಗಂಗೆಯ ಜಾತ್ರೆಗೆ ಹೊರಟಾಗ ಮಾತ್ರೆ ಮನೆಯಲ್ಲೇ ಮರೆತು ನಾಲ್ಕು ದಿನ ಸುಮ್ಮನಿರುವವರೂ ಇದ್ದಾರೆ. ಬೇರೆ ಕೆಲವು ಮಾತ್ರೆಗಳಾದರೆ ಬಿ.ಪಿ. ಮೆಲ್ಲನೆ ಏರೀತು. ಬೀಟಾ ಬ್ಲಾಕರಿನ ವಿಷಯ ಹಾಗಲ್ಲ. ಗುಂಡಿಗೆ ತಿಂಗಳುಗಟ್ಟಲೆ ಪಟ್ಟಿ ಹಚ್ಚಿದ್ದರೆ ಜೀವಕೋಶ ಸುಮ್ಮನೆ ಕೂರುವುದಿಲ್ಲ. ಕರೆ ಕೇಳಿಸುತ್ತಿಲ್ಲವೆಂದು ಇನ್ನಷ್ಟು ಗುಂಡಿಗಳನ್ನು ಕೂರಿಸಿಕೊಳ್ಳುತ್ತದೆ. ನೀವು ಮಾತ್ರೆಯನ್ನು ತಟ್ಟನೆ ನಿಲ್ಲಿಸಿದಿರೋ, ಎಲ್ಲ ಗುಂಡಿಗಳೂ ಒಮ್ಮೆಲೇ ತೆರೆದುಕೊಳ್ಳುತ್ತವೆ. ಮಾಮೂಲಿ ಅಡ್ರಿನಲಿನ್ ಸಾಕು, ಹೃದಯ ನಾಗಾಲೋಟಕ್ಕೆ ಬೀಳುತ್ತದೆ. ಹೃದಯದ ರಕ್ತನಾಳ ಕಿರಿದಾಗಿರುವವರಿಗೆ ಇದರಿಂದ ಎದೆನೋವು, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದರೆ ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತೇವೆ. ಪ್ರಯಾಣ ಹೊರಡುವಾಗ ಬಟ್ಟೆಗೆ ಮೊದಲು ಮಾತ್ರೆಯ ಚೀಟಿ ಚೀಲಕ್ಕೆ ಬೀಳಲಿ.

ಇದಕ್ಕೆ ತದ್ವಿರುದ್ಧವೂ ಉಂಟು. ಇಡೀ ದಿನ ಗುಂಡಿ ಒತ್ತುತ್ತಲೇ ಇದ್ದರೆ ಒಳಗಿನವರು ಏನು ಮಾಡಿಯಾರು? ತಂತಿ ಕಿತ್ತುಬಿಡುತ್ತಾರೆ. ಸಾಲ್ಬುಟಮಾಲ್ ಪಂಪನ್ನು ದಿನಕ್ಕೆ ಎಂಟು ಹತ್ತು ಸಲ ಎಳೆಯುವವರ ಶ್ವಾಸನಾಳದಲ್ಲಿ ನಡೆಯುವುದು ಇದೇ. ಗುಂಡಿಗಳು ಕಡಮೆಯಾಗುತ್ತವೆ, ಪಂಪು ಮೊದಲಿನಂತೆ ಹಿಡಿಯುವುದಿಲ್ಲ, ಒಳಗಿನ ಊತವೂ ಹಾಗೇ ಉಳಿಯುತ್ತದೆ. 2019ರಲ್ಲಿ ಆಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಬದಲಾಗಿ, ದೊಡ್ಡವರಿಗೂ ಹದಿಹರೆಯದವರಿಗೂ ಇಂಥ ಪಂಪೊಂದನ್ನೇ ಕೊಡಬಾರದು, ಊತ ಇಳಿಸುವ ಸ್ಟಿರಾಯ್ಡ್ ಪಂಪೂ ಜೊತೆಗಿರಬೇಕು ಎಂದು ಹೇಳಿತು. ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರುವ ತಾಯಂದಿರು ನಮ್ಮಲ್ಲಿ ಬಹಳ. ಪಂಪಿನ ಪ್ರಮಾಣ ತೀರಾ ಕಡಮೆ, ಅದು ಹೋಗುವುದು ನೇರವಾಗಿ ಶ್ವಾಸಕೋಶಕ್ಕೆ.

ಮೂಗು ಕಟ್ಟಿದಾಗ ಬಿಡುವ ಕ್ಸೈಲೊಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಹನಿಗಳ ಕತೆಯೂ ಹೀಗೆಯೇ. ಮೊದಲ ದಿನ ಮಂತ್ರ ಹಾಕಿದಂತೆ ಮೂಗು ಬಿಡುತ್ತದೆ. ವಾರ ಕಳೆದ ಮೇಲೆ ಹನಿ ಬಿಟ್ಟರೂ ಅರ್ಧ ಗಂಟೆಗೇ ಮತ್ತೆ ಕಟ್ಟಿಕೊಳ್ಳುತ್ತದೆ. ಆಗ ಕಾಯಿಲೆ ನೆಗಡಿಯದಲ್ಲ, ಹನಿಯದು. ಐದು ದಿನಕ್ಕಿಂತ ಹೆಚ್ಚು ಬಳಸಬೇಡಿ.

ಅಡಿಕೆ ತೋಟದಲ್ಲಿ

ಗುಬ್ಬಿ ಸೀಮೆಯವರು ಯಾವ ಔಷಧಿ ಅಂಗಡಿಗೂ ಹೋಗದೆ ದಿನವೂ ಈ ಕುಟುಂಬದ ಗುಂಡಿಯೊಂದನ್ನು ಒತ್ತುತ್ತಾರೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ವಸ್ತು ಮಸ್ಕರಿನಿಕ್ ಎಂಬ ಗ್ರಾಹಕವನ್ನು ಮುಟ್ಟುತ್ತದೆ. ಜೊಲ್ಲು ಸುರಿಯುವುದು, ಮೈ ಬೆಚ್ಚಗಾಗಿ ಬೆವರುವುದು, ಹೊಸಬರಿಗೆ ಅಡಿಕೆ ಸೊಕ್ಕಿ ತಲೆ ತಿರುಗುವುದು ಇದರಿಂದಲೇ. ಈ ಗುಂಡಿ ಶ್ವಾಸನಾಳದಲ್ಲೂ ಇದೆ, ಅಲ್ಲಿ ಒತ್ತಿದರೆ ನಾಳ ಕುಗ್ಗುತ್ತದೆ. ಉಬ್ಬಸದವರಿಗೆ ಎಲೆ ಅಡಿಕೆ ಬೇಡ ಎನ್ನುವುದಕ್ಕೆ ಇದು ಒಂದು ಕಾರಣ. ಬಾಯಿ ಕ್ಯಾನ್ಸರಿನ ಭಯ ಬೇರೆಯೇ ಇದೆ.

ಅದೇ ಗುಂಡಿಯನ್ನು ಮಿತಿಮೀರಿ ಒತ್ತಿಸುವುದು ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು. ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್ ಇತ್ಯಾದಿ. ನರಗಳ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತು ಕೆಲಸ ಮುಗಿದೊಡನೆ ಒಡೆದುಹೋಗಬೇಕು. ಈ ವಿಷ ಅದನ್ನು ಒಡೆಯಗೊಡುವುದಿಲ್ಲ. ಬರಿಗೈಯಲ್ಲಿ ಔಷಧಿ ಕಲಸಿ, ಗಾಳಿಗೆ ಎದುರಾಗಿ ಹೊಡೆದವರಲ್ಲಿ ಕಣ್ಣೀರು, ಜೊಲ್ಲು, ಬೆವರು, ಹೊಟ್ಟೆ ನುಲಿತ, ಭೇದಿ, ಎದೆ ತುಂಬ ಕಫ ಕಾಣಿಸಿಕೊಳ್ಳುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಕೂಡಲೇ ಬಟ್ಟೆ ಬಿಚ್ಚಿಸಿ ಸೋಪು ಹಚ್ಚಿ ಮೈ ತೊಳೆಯಿರಿ. ತೊಳೆಯುವವರೂ ಕೈಗವಸು ಇಲ್ಲವೇ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನು ಮಾಡಿ, ಡಬ್ಬಿಯನ್ನೂ ಜೊತೆಗೇ ತನ್ನಿ. ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪಿನ್ ಈ ಗುಂಡಿಗಳನ್ನು ಮುಚ್ಚಿ ಎದೆಯ ಕಫವನ್ನು ಒಣಗಿಸುತ್ತದೆ. ಆದರೆ ಮಾಂಸಖಂಡಗಳ ಗ್ರಾಹಕ ಬೇರೆ ಕುಟುಂಬದ್ದು, ಅಟ್ರೊಪಿನ್ ಅದನ್ನು ಮುಟ್ಟುವುದಿಲ್ಲ. ಉಸಿರಾಡಿಸುವ ಸ್ನಾಯುಗಳು ಸೋತರೆ ವೆಂಟಿಲೇಟರೇ ಗತಿ. ಮೊದಲ ದಿನ ಚೆನ್ನಾಗಿ ಮಾತಾಡುತ್ತಿದ್ದಾರೆ ಎಂದು ರೋಗಿಯನ್ನು ಮನೆಗೆ ಕರೆದೊಯ್ಯಲು ಹಟ ಮಾಡಬೇಡಿ. ಸೋಲು ಎರಡನೆಯ, ಮೂರನೆಯ ದಿನವೂ ಬರಬಹುದು.

ಇನ್ನು ಅಜ್ಜನ ಟ್ಯಾಮ್ಸುಲೋಸಿನ್. ಮೂತ್ರಕೋಶದ ಕತ್ತಿನಲ್ಲಿರುವ ಆಲ್ಫಾ ಗುಂಡಿಯನ್ನು ಮುಚ್ಚಿ ಅದು ದಾರಿ ಸಡಿಲಿಸುತ್ತದೆ. ಸ್ವಲ್ಪ ಮಟ್ಟಿಗೆ ರಕ್ತನಾಳಗಳೂ ಸಡಿಲಗೊಂಡು, ಥಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರಬಹುದು. ರಾತ್ರಿ ಎದ್ದವರು ಒಂದು ನಿಮಿಷ ಮಂಚದ ಅಂಚಿನಲ್ಲಿ ಕುಳಿತು ಆಮೇಲೆ ನಿಲ್ಲಲಿ. ತೊಡೆಯ ಮೂಳೆ ಮುರಿಯುವುದು ಹೆಚ್ಚಾಗಿ ಬಚ್ಚಲಿಗೆ ಹೋಗುವ ಆ ಹತ್ತು ಹೆಜ್ಜೆಯಲ್ಲೇ.

ತೂಕ ಇಳಿಸುವ ಇಂಜೆಕ್ಷನ್ನಿನ ಬಗ್ಗೆ ಇತ್ತೀಚೆಗೆ ಬಹಳ ಮಂದಿ ಕೇಳುತ್ತಿದ್ದಾರೆ. ಸೆಮಾಗ್ಲುಟೈಡ್, 2025ರಲ್ಲಿ ನಮ್ಮ ದೇಶಕ್ಕೆ ಬಂದ ಟಿರ್ಜೆಪಟೈಡ್, ಇವೂ ಇದೇ ಕುಟುಂಬದ ಗುಂಡಿಗಳನ್ನು ಒತ್ತುವಂಥವು. ಊಟವಾದ ಮೇಲೆ ಕರುಳು ಕಳಿಸುವ ಹಾರ್ಮೋನಿನ ವೇಷ ಹಾಕಿ ಮೆದುಳಿಗೆ ಹೊಟ್ಟೆ ತುಂಬಿತೆಂದು ಹೇಳುತ್ತವೆ, ಸಕ್ಕರೆಯನ್ನೂ ಇಳಿಸುತ್ತವೆ. ಮೇದೋಜೀರಕ ಗ್ರಂಥಿಯ ಊತ ಹಿಂದೆ ಆಗಿದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿ ಇರುವವರಿಗೆ ಇವು ಸಲ್ಲವು. ಬೆಲೆ ದುಬಾರಿಯೆಂದು ಅಕ್ಕತಂಗಿಯರು ಸೇರಿ ಒಂದೇ ಪೆನ್ನು ಕೊಂಡು, ಸೂಜಿ ಬದಲಿಸಿ ಚುಚ್ಚಿಕೊಳ್ಳುತ್ತೇವೆ ಎಂದು ಇಬ್ಬರು ಕೇಳಿದರು. ಸೂಜಿ ಬದಲಿಸಿದರೂ ಕೂಡದು. ಚುಚ್ಚಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಪೆನ್ನಿನೊಳಕ್ಕೆ ಹಿಂದಿರುಗಿ ಸೇರಿರಬಹುದು.