ಲಾಭದ ಅಳತೆ ಮತ್ತು ನಷ್ಟಭಯದ ತೂಕ

ಹೂಡಿದ ಹಣಕ್ಕೆ ಬಂದ ಪ್ರತಿಫಲವನ್ನು ಮಾತ್ರ ನೋಡಿ ಹೂಡಿಕೆಯ ಗುಣವನ್ನು ನಿರ್ಣಯಿಸುವುದು ಲೋಕದ ರೂಢಿ. ಆದರೆ ಸಮಾನ ಪ್ರತಿಫಲವನ್ನು ತಂದ ಎರಡು ಹೂಡಿಕೆಗಳಲ್ಲಿ ಒಂದು ನಿಶ್ಚಿಂತೆಯಿಂದ ಬೆಳೆದಿರಬಹುದು. ಮತ್ತೊಂದು ಹಲವು ಸಾರಿ ಪಾತಾಳಕ್ಕಿಳಿದು ಮೇಲೆದ್ದಿರಬಹುದು. ಇವೆರಡನ್ನೂ ಒಂದೇ ಎಂದೆಣಿಸುವುದು ಸರಿಯಲ್ಲ. ಪ್ರತಿಫಲವನ್ನು ಅದಕ್ಕಾಗಿ ಹೊತ್ತ ನಷ್ಟಭಯದೊಡನೆ ತೂಗಿ ನೋಡುವ ಗಣಿತವು ಈ ಕೊರತೆಯನ್ನು ನೀಗಿಸಲು ಹುಟ್ಟಿತು.

ಇದರ ಮೂಲವು ಹ್ಯಾರಿ ಮಾರ್ಕೊವಿಟ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ೧೯೫೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಪ್ರತಿಫಲಗಳು ತಮ್ಮ ಸರಾಸರಿಯಿಂದ ಎಷ್ಟು ಚದರಿವೆಯೆಂಬುದನ್ನೇ ಅವನು ನಷ್ಟಭಯದ ಅಳತೆಯಾಗಿ ಗ್ರಹಿಸಿದನು. ೧೯೬೫ರಲ್ಲಿ ಜ್ಯಾಕ್ ಟ್ರೇನರ್, ೧೯೬೬ರಲ್ಲಿ ವಿಲಿಯಂ ಷಾರ್ಪ್, ೧೯೬೮ರಲ್ಲಿ ಮೈಕೆಲ್ ಜೆನ್ಸನ್ ಇವರು ಒಬ್ಬೊಬ್ಬರೂ ಒಂದೊಂದು ಮಾನವನ್ನು ರಚಿಸಿದರು. ಅವುಗಳಲ್ಲಿ ಷಾರ್ಪ್‌ನ ಅನುಪಾತವೇ ಹೆಚ್ಚು ಬಳಕೆಗೆ ಬಂದಿತು. ಅವನು ೧೯೫೪ರಿಂದ ೧೯೬೩ರವರೆಗಿನ ೩೪ ಮ್ಯೂಚುಯಲ್ ಫಂಡುಗಳನ್ನು ಪರೀಕ್ಷಿಸಲಾಗಿ, ಡೌ ಜೋನ್ಸ್ ಸೂಚ್ಯಂಕವನ್ನು ಮೀರಿದವು ೧೧ ಮಾತ್ರವೆಂದು ಕಂಡುಬಂದಿತು. ಮಾರ್ಕೊವಿಟ್ಸ್ ಮತ್ತು ಷಾರ್ಪ್ ಇಬ್ಬರೂ ೧೯೯೦ರಲ್ಲಿ ಮರ್ಟನ್ ಮಿಲ್ಲರನೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಷಾರ್ಪ್ ಅನುಪಾತದ ಕ್ರಮವು ಸರಳವಾದುದು. ಸರಾಸರಿ ಪ್ರತಿಫಲದಿಂದ ನಿರ್ಭಯವಾದ ಹೂಡಿಕೆಯ ಬಡ್ಡಿಯನ್ನು ಕಳೆದು, ಉಳಿದುದನ್ನು ಮಾನಕ ವಿಚಲನೆಯಿಂದ ಭಾಗಿಸತಕ್ಕದ್ದು. ಉದಾಹರಣೆಗೆ, ಐದು ವರ್ಷಗಳಲ್ಲಿ ‘ಅ’ ಎಂಬ ನಿಧಿಯು ಕ್ರಮವಾಗಿ ಶೇಕಡಾ ೧೨, ೮, ೧೦, ೧೧, ೯ರಷ್ಟು ಬೆಳೆಯಿತೆಂದೂ, ‘ಆ’ ಎಂಬುದು ಮೊದಲ ವರ್ಷ ೩೦ ಗಳಿಸಿ, ೧೦ ಕಳೆದು, ೨೫ ಗಳಿಸಿ, ೫ ಕಳೆದು, ಕೊನೆಗೆ ೨೦ ಗಳಿಸಿತೆಂದೂ ಭಾವಿಸೋಣ. ಸರಾಸರಿಗಳು ೧೦ ಮತ್ತು ೧೨; ಆದುದರಿಂದ ಮೇಲುನೋಟಕ್ಕೆ ‘ಆ’ ನಿಧಿಯೇ ಮೇಲು. ವಿಚಲನೆಗಳಾದರೋ ೧.೫೮ ಮತ್ತು ೧೮.೨೩. ನಿರ್ಭಯ ಬಡ್ಡಿ ೬ ಆದರೆ, ಅನುಪಾತಗಳು ೨.೫೩ ಮತ್ತು ೦.೩೩ ಆಗುತ್ತವೆ. ಹೊತ್ತ ಭಯದ ಒಂದೊಂದು ಅಂಶಕ್ಕೂ ‘ಅ’ ನಿಧಿ ತಂದ ಫಲವು ಏಳುಪಟ್ಟಿಗಿಂತ ಹೆಚ್ಚು.

ಹಿಂದೆ ಗಂಟೆಗಟ್ಟಲೆ ಕುಳಿತು ಮಾಡಬೇಕಾಗಿದ್ದ ಈ ಲೆಕ್ಕವನ್ನು ಇಂದು ಎಕ್ಸೆಲ್‌ನಂತಹ ತಂತ್ರಾಂಶವು ಕ್ಷಣದಲ್ಲಿ ಮುಗಿಸುತ್ತದೆ. ಆದರೆ ಯಂತ್ರದ ವೇಗವು ಬಳಸುವವನ ವಿವೇಚನೆಗೆ ಬದಲಾಗಲಾರದು. ಎಕ್ಸೆಲ್‌ನಲ್ಲಿ ಮಾನಕ ವಿಚಲನೆಗೆ ಎರಡು ಸೂತ್ರಗಳುಂಟು: ಒಂದು ವರ್ಷಗಳ ಸಂಖ್ಯೆಯಿಂದ, ಇನ್ನೊಂದು ಅದಕ್ಕೆ ಒಂದು ಕಡಮೆಯಾದ ಸಂಖ್ಯೆಯಿಂದ ಭಾಗಿಸುತ್ತದೆ. ಮೇಲಿನ ೨.೫೩ ಎರಡನೆಯದರ ಫಲ. ಮೊದಲನೆಯದನ್ನು ಬಳಸಿದರೆ ಅದೇ ನಿಧಿಗೆ ೨.೮೩ ಬರುವುದು. ನಿರ್ಭಯ ಬಡ್ಡಿಯನ್ನು ೭ ಎಂದು ಹಿಡಿದರೆ ಅದೇ ೨.೫೩ ಎಂಬುದು ೧.೯೦ಕ್ಕೆ ಇಳಿಯುವುದು. ಬೇರೆ ಬೇರೆ ಆಧಾರಗಳಿಂದ ಬಂದ ಅಂಕಿಗಳನ್ನು ಹೋಲಿಸುವುದು ಸೇರಿನಿಂದ ಅಳೆದುದನ್ನು ಗಜದಿಂದ ಅಳೆದುದರೊಡನೆ ಹೋಲಿಸಿದಂತೆ.

ತಿಂಗಳ ಅನುಪಾತವನ್ನು ವರ್ಷಕ್ಕೆ ಹೊಂದಿಸಲು ೧೨ರ ವರ್ಗಮೂಲವಾದ ೩.೪೬ರಿಂದ ಗುಣಿಸುವುದು ವಾಡಿಕೆ. ಒಂದು ತಿಂಗಳ ಫಲವು ಮುಂದಿನ ತಿಂಗಳಿನದರೊಡನೆ ಸಂಬಂಧವಿಲ್ಲದೆ ಇದ್ದರೆ ಮಾತ್ರ ಇದು ಸಾಧುವೆಂದು ಆಂಡ್ರೂ ಲೋ ೨೦೦೨ರಲ್ಲಿ ತೋರಿಸಿದನು. ಹೆಡ್ಜ್ ಫಂಡುಗಳಲ್ಲಿ ಈ ವಾಡಿಕೆಯಿಂದ ಅನುಪಾತವು ಶೇಕಡಾ ೬೫ರವರೆಗೂ ಉಬ್ಬಿ ಕಾಣಬಹುದೆಂಬುದು ಅವನ ನಿರ್ಣಯ.

ಇವೆಲ್ಲಕ್ಕಿಂತ ಗಂಭೀರವಾದುದು ಶಬ್ದಾರ್ಥದ ಪ್ರಶ್ನೆ. ತಂತ್ರಾಂಶವು ‘ನಷ್ಟಭಯ’ವೆಂದು ತೋರಿಸುವುದು ಬರೆದಿಟ್ಟ ಅಂಕಿಗಳ ಏರಿಳಿತವನ್ನು ಮಾತ್ರ, ಹಣವೇ ಮಾಯವಾಗುವ ಭಯವನ್ನಲ್ಲ. ನ್ಯೂಯಾರ್ಕಿನ ಬರ್ನಾರ್ಡ್ ಮೇಡಾಫನ ಸಂಸ್ಥೆಯು ವರ್ಷಗಟ್ಟಲೆ ಏರಿಳಿತವೇ ಇಲ್ಲವೆಂಬಷ್ಟು ನಯವಾದ ಫಲಗಳನ್ನು ವರದಿಮಾಡಿತು. ಭಾಜಕವಾದ ವಿಚಲನೆ ಕಿರಿದಾದಷ್ಟೂ ಅನುಪಾತವು ಹಿರಿದಾಗುವುದರಿಂದ, ಈ ಮಾನದಂಡಕ್ಕೆ ಅದೊಂದು ಅತ್ಯುತ್ತಮ ಹೂಡಿಕೆಯಾಗಿ ಕಂಡಿತು. ಬೆಳ್ಳಗಿರುವುದೆಲ್ಲ ಹಾಲಲ್ಲ. ೨೦೦೮ರ ಡಿಸೆಂಬರಿನಲ್ಲಿ ಮೋಸವು ಬಯಲಾದಾಗ, ಕಾಗದದ ಮೇಲೆ ಸುಮಾರು ೬,೫೦೦ ಕೋಟಿ ಡಾಲರುಗಳಿದ್ದರೂ ಅದಕ್ಕೆ ತಕ್ಕ ಷೇರುಗಳೇ ಇರಲಿಲ್ಲ. ಶಾಂತಿಗಾಗಿ ನೊಬೆಲ್ ಪಡೆದ ಲೇಖಕ ಎಲೀ ವೀಸೆಲರ ಪ್ರತಿಷ್ಠಾನವು ಸುಮಾರು ೧೫೦ ಲಕ್ಷ ಡಾಲರುಗಳನ್ನು ಕಳೆದುಕೊಂಡಿತು. ಅದೇ ನಯವನ್ನು ಶಂಕೆಗೆ ಕಾರಣವೆಂದು ಕಂಡವರೂ ಇದ್ದರು. ಮಾರುಕಟ್ಟೆ ಇಳಿದಾಗಲೂ ಇಳಿಯದ ಆ ಗೆರೆಯು ಅಸಂಭವವೆಂದು ಹ್ಯಾರಿ ಮಾರ್ಕೊಪೊಲೊಸ್ ೨೦೦೦ದಿಂದಲೇ ಅಧಿಕಾರಿಗಳಿಗೆ ದೂರಿತ್ತಿದ್ದನು. ಒಂದೇ ಅಂಕಿಯನ್ನು ಕೆಲವರು ಪ್ರಶಂಸೆಯಾಗಿ ಓದಿದರು, ಅವನು ಪ್ರಶ್ನೆಯಾಗಿ ಓದಿದನು.

ಆದಕಾರಣ ಈ ಅನುಪಾತವು ತೀರ್ಪಲ್ಲ, ಸಾಕ್ಷ್ಯ. ಅಂಕಿಗಳು ಎಲ್ಲಿಂದ ಬಂದವು, ಎಷ್ಟು ಕಾಲದವು, ಯಾವ ಸೂತ್ರದಿಂದ ಎಣಿಸಲ್ಪಟ್ಟವು, ಹಣವು ಯಾರ ವಶದಲ್ಲಿದೆ ಎಂಬ ನಾಲ್ಕು ವಿಷಯಗಳನ್ನು ವಿಚಾರಿಸಿದ ಮೇಲೆಯೇ ಅದನ್ನು ಅಂಗೀಕರಿಸತಕ್ಕದ್ದು. ಹಸ್ತಪ್ರತಿಯೊಂದರ ಪಾಠವನ್ನು ಅಂಗೀಕರಿಸುವ ಮುನ್ನ ಅದರ ಮೂಲವನ್ನೂ ಕಾಲವನ್ನೂ ಲಿಪಿಕಾರನನ್ನೂ ಪರಿಶೀಲಿಸುವ ವಿದ್ವಾಂಸರಿಗೆ ಈ ಕ್ರಮವು ಹೊಸದೇನಲ್ಲ.